ಉಕ್ಕಿನ ಒಡೆಯನ ಚಿತ್ರಶಾಲೆ

ಕಲೆಯ ಅಭಿರುಚಿಯು ಮನುಷ್ಯನ ಮನಸ್ಸನ್ನು ಮೃದುಗೊಳಿಸುತ್ತದೆಂಬ ನಂಬಿಕೆ ನಮ್ಮಲ್ಲಿ ಬಹು ಹಳೆಯದು. ಸಾಹಿತ್ಯ ಸಂಗೀತಾದಿ ಕಲೆಗಳ ಗಂಧವಿಲ್ಲದವನನ್ನು ಭರ್ತೃಹರಿಯು ಪಶುಗಳ ಸಾಲಿಗೆ ಸೇರಿಸಿಬಿಟ್ಟನು. ಕಾಲೇಜುಗಳಲ್ಲಿ ಕಾವ್ಯಪಾಠ ಹೇಳುವ ನಮ್ಮಂಥವರ ಜೀವನೋಪಾಯವೂ ಈ ನಂಬಿಕೆಯನ್ನೇ ಆಶ್ರಯಿಸಿ ನಿಂತಿದೆಯೆಂದರೆ ತಪ್ಪಾಗದು. ಆದುದರಿಂದ ಈ ನಂಬಿಕೆಯನ್ನು ಒರೆಗಲ್ಲಿಗೆ ಹಚ್ಚುವಂಥ ಒಂದು ಬಾಳನ್ನು ಶ್ರೋತೃಗಳ ಮುಂದಿಡಬೇಕೆಂದು ನಮಗೆ ತೋರಿತು. ಅಮೆರಿಕದ ಉಕ್ಕಿನ ಉದ್ಯಮವನ್ನು ಕಟ್ಟಿದವರಲ್ಲೊಬ್ಬನೂ, ಪ್ರಪಂಚದ ಶ್ರೇಷ್ಠ ಚಿತ್ರಸಂಗ್ರಹಗಳಲ್ಲೊಂದನ್ನು ಕೂಡಿಸಿದವನೂ ಆದ ಹೆನ್ರಿ ಕ್ಲೇ ಫ್ರಿಕ್ ಎಂಬಾತನ ಬಾಳು ಅಂಥದು.

ನ್ಯೂಯಾರ್ಕ್ ನಗರದ ಐದನೆಯ ಅವೆನ್ಯೂ ಎಂಬ ದೊಡ್ಡ ಬೀದಿಯೂ ಎಪ್ಪತ್ತನೆಯ ಬೀದಿಯೂ ಕೂಡುವ ಮೂಲೆಯಲ್ಲಿ, ಸೆಂಟ್ರಲ್ ಪಾರ್ಕ್ ಎಂಬ ಉದ್ಯಾನಕ್ಕೆ ಎದುರಾಗಿ, ಸುಣ್ಣಕಲ್ಲಿನಿಂದ ಕಟ್ಟಿದ ಫ್ರಿಕ್ಕನ ಮನೆಯಿದೆ. ಅಲ್ಲಿನ ಸಂಗ್ರಹದಲ್ಲಿ ಸ್ಪೇನ್ ದೇಶದ ಗೋಯಾ ಎಂಬ ಚಿತ್ರಕಾರನು ಬರೆದ ಒಂದು ಚಿತ್ರವುಂಟು. ಅದರ ಎತ್ತರ ಸುಮಾರು ಆರು ಅಡಿ. ಅದರಲ್ಲಿ ಅರಸರಿಲ್ಲ, ದೇವತೆಗಳಿಲ್ಲ, ಸುಂದರಿಯರಿಲ್ಲ. ಮೂವರು ಕಮ್ಮಾರರು ಅಡಿಗಲ್ಲಿನ ಸುತ್ತ ನಿಂತಿದ್ದಾರೆ. ಒಬ್ಬನು ನಮಗೆ ಬೆನ್ನು ಮಾಡಿ ಸುತ್ತಿಗೆಯನ್ನು ಮೇಲಕ್ಕೆತ್ತಿದ್ದಾನೆ. ಚಿತ್ರವೆಲ್ಲ ಮಸಿ ಬಣ್ಣ. ಕಾದ ಕಬ್ಬಿಣದ ಕೆಂಪೊಂದೇ ಕಣ್ಣನ್ನು ಸೆಳೆಯುತ್ತದೆ. ಈ ಚಿತ್ರವನ್ನು ಫ್ರಿಕ್ಕನು 1914ರಲ್ಲಿ ಕೊಂಡನು. ಕಬ್ಬಿಣ ಬಡಿಯುವ ಕೂಲಿಗಾರರ ಸಂಘವನ್ನು ಇಪ್ಪತ್ತೆರಡು ವರ್ಷಗಳ ಹಿಂದೆ ಬಂದೂಕಿನ ಬಲದಿಂದ ಮುರಿದವನೂ ಅವನೇ. ಈ ಎರಡು ಕೆಲಸಗಳನ್ನೂ ಒಬ್ಬನೇ ಮನುಷ್ಯನು ಮಾಡಿದ್ದು ಹೇಗೆ? ಇದೇ ನಾವು ವಿಚಾರಿಸಬೇಕಾದ ಪ್ರಶ್ನೆ.

ಫ್ರಿಕ್ಕನು ಹುಟ್ಟಿದ್ದು 1849ನೆಯ ಡಿಸೆಂಬರ್ 19ರಂದು, ಪೆನ್ಸಿಲ್ವೇನಿಯಾ ಸಂಸ್ಥಾನದ ವೆಸ್ಟ್ ಓವರ್‌ಟನ್ ಎಂಬ ಸಣ್ಣ ಹಳ್ಳಿಯಲ್ಲಿ. ತಂದೆಯದು ಸಾಧಾರಣವಾದ ಒಕ್ಕಲುತನ. ತಾಯಿಯ ತಂದೆ ಅಬ್ರಹಾಂ ಓವರ್‌ಹೋಲ್ಟನಾದರೋ ವಿಸ್ಕಿ ಮದ್ಯದ ಭಟ್ಟಿಯಿಟ್ಟು ಆ ಸೀಮೆಗೇ ಶ್ರೀಮಂತನೆನಿಸಿಕೊಂಡವನು. ಅಜ್ಜನ ಮನೆಯ ಸಂಪತ್ತನ್ನೂ ತಂದೆಯ ಮನೆಯ ಬಿಗಿಯನ್ನೂ ಏಕಕಾಲದಲ್ಲಿ ಕಂಡು ಬೆಳೆದ ಹುಡುಗನಿಗೆ ಹಣದ ಬೆಲೆ ಬೇಗ ತಿಳಿಯಿತು. ವಿದ್ಯಾಭ್ಯಾಸ ಹೆಚ್ಚು ಸಾಗಲಿಲ್ಲ. ಅಜ್ಜನ ಭಟ್ಟಿಯಲ್ಲಿ ಲೆಕ್ಕ ಬರೆಯುವ ಗುಮಾಸ್ತನಾಗಿ ನಿಂತನು. ಮೂವತ್ತನೆಯ ವಯಸ್ಸಿನೊಳಗೆ ಹತ್ತು ಲಕ್ಷ ಡಾಲರಿಗೆ ಒಡೆಯನಾಗಬೇಕೆಂಬುದು ಆ ಗುಮಾಸ್ತನ ಸಂಕಲ್ಪವಾಗಿತ್ತೆಂದು ಅವನ ಚರಿತ್ರಕಾರರು ಹೇಳುತ್ತಾರೆ.

ಆ ಸಂಕಲ್ಪಕ್ಕೆ ದಾರಿ ತೋರಿದ್ದು ಉಕ್ಕಲ್ಲ, ಕೋಕು. ಕೋಕು ಎಂದರೇನೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಕಬ್ಬಿಣದ ಅದಿರಿನಿಂದ ಕಬ್ಬಿಣವನ್ನು ಬೇರ್ಪಡಿಸಬೇಕಾದರೆ ಊದುಕುಲುಮೆಯಲ್ಲಿ ಅದಿರಿನೊಡನೆ ಇಂಗಾಲವನ್ನು ಉರಿಸಬೇಕು. ಆ ಇಂಗಾಲವೇ ಅದಿರಿನಲ್ಲಿರುವ ಆಮ್ಲಜನಕವನ್ನು ಸೆಳೆದುಕೊಂಡು ಕಬ್ಬಿಣವನ್ನು ಬಿಡಿಸುತ್ತದೆ. ನಮ್ಮ ಭದ್ರಾವತಿಯಲ್ಲಿ 1923ರಲ್ಲಿ ಕುಲುಮೆಯನ್ನು ಹೊತ್ತಿಸಿದಾಗ ಈ ಕೆಲಸಕ್ಕೆ ಮಲೆನಾಡಿನ ಕಾಡಿನ ಸೌದೆಯನ್ನು ಸುಟ್ಟು ಮಾಡಿದ ಇದ್ದಿಲನ್ನು ಬಳಸಿದರು. ಹತ್ತಿರದಲ್ಲಿ ಕಲ್ಲಿದ್ದಲು ಇರಲಿಲ್ಲವಾದುದರಿಂದ ಹಾಗೆ ಮಾಡಬೇಕಾಯಿತು. ಪೆನ್ಸಿಲ್ವೇನಿಯಾದಲ್ಲಿ ಕಲ್ಲಿದ್ದಲಿಗೆ ಬರವಿಲ್ಲ. ಆದರೆ ಹಸಿಯ ಕಲ್ಲಿದ್ದಲಿನಲ್ಲಿ ಅನಿಲಗಳೂ ಗಂಧಕವೇ ಮೊದಲಾದ ಕಲ್ಮಷಗಳೂ ಸೇರಿರುತ್ತವೆ. ಅದನ್ನು ಜೇನುಗೂಡಿನ ಆಕಾರದ ಇಟ್ಟಿಗೆಯ ಗೂಡುಗಳಲ್ಲಿ ತುಂಬಿ, ಗಾಳಿ ಹೆಚ್ಚಾಗಿ ತಾಕದಂತೆ ಎರಡು ಮೂರು ದಿನಗಳ ಕಾಲ ಬೇಯಿಸಿದರೆ, ಅನಿಲಗಳು ಉರಿದುಹೋಗಿ ಗಟ್ಟಿಯಾದ, ಹಗುರವಾದ, ಸಣ್ಣ ಸಣ್ಣ ರಂಧ್ರಗಳುಳ್ಳ ಇಂಗಾಲದ ಗಟ್ಟಿ ಉಳಿಯುತ್ತದೆ. ಇದೇ ಕೋಕು. ಫ್ರಿಕ್ಕನ ಊರಿನ ಬಳಿಯ ಕಾನೆಲ್ಸ್‌ವಿಲ್ ಎಂಬ ಪ್ರದೇಶದ ಕಲ್ಲಿದ್ದಲು ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿತ್ತು. ಪಿಟ್ಸ್‌ಬರ್ಗಿನ ಉಕ್ಕಿನ ಕಾರ್ಖಾನೆಗಳು ಬೆಳೆದಂತೆಲ್ಲ ಕೋಕು ಬೇಕೇ ಬೇಕಾಗುವುದೆಂಬುದನ್ನು ಆ ಯುವಕನು ಕಂಡುಕೊಂಡನು.

1871ರಲ್ಲಿ ಬಂಧುಮಿತ್ರರೊಡನೆ ಪಾಲುಗಾರಿಕೆ ಕಟ್ಟಿ, ಪಿಟ್ಸ್‌ಬರ್ಗಿನ ಸಾಹುಕಾರನಾದ ಥಾಮಸ್ ಮೆಲನ್ ಎಂಬಾತನಿಂದ ಹತ್ತು ಸಾವಿರ ಡಾಲರು ಸಾಲ ತೆಗೆದು ಗೂಡುಗಳನ್ನು ಕಟ್ಟಿಸಿದನು. ಕೆಲವು ಕಾಲದಲ್ಲೇ ಮತ್ತೆ ಸಾಲ ಕೇಳಿದಾಗ, ಸ್ಥಿತಿಗತಿಗಳನ್ನು ನೋಡಿ ಬರಲು ಸಾಹುಕಾರನು ಒಬ್ಬನನ್ನು ಕಳುಹಿಸಿದನಂತೆ. ನೋಡಿ ಬಂದವನ ವರದಿ ಪ್ರಸಿದ್ಧವಾಗಿದೆ. ಭೂಮಿ ಒಳ್ಳೆಯದು, ಗೂಡುಗಳು ಗಟ್ಟಿಯಾಗಿವೆ, ಯಜಮಾನನು ಹಗಲೆಲ್ಲ ಕೆಲಸದ ಮೇಲಿದ್ದು ಸಂಜೆ ಲೆಕ್ಕ ಬರೆಯುತ್ತಾನೆ, ಚಿತ್ರಗಳ ಹುಚ್ಚು ಕೊಂಚ ಹೆಚ್ಚು, ಆದರೂ ಕೆಲಸಕ್ಕೆ ಕೆಡುಕಾಗುವಷ್ಟಿಲ್ಲ ಎಂಬುದು ಅದರ ತಾತ್ಪರ್ಯ. ಸಾಲ ಮಂಜೂರಾಯಿತು. ಇಪ್ಪತ್ತೊಂದು ಇಪ್ಪತ್ತೆರಡರ ಪ್ರಾಯದಲ್ಲಿ, ಕೈಯಲ್ಲಿ ಸಾಲವಲ್ಲದೆ ಬೇರೇನೂ ಇಲ್ಲದಿದ್ದಾಗಲೇ ಆ ಯುವಕನ ಕೊಠಡಿಯಲ್ಲಿ ಚಿತ್ರಗಳಿದ್ದವು. ಈ ಸಂಗತಿಯನ್ನು ಶ್ರೋತೃಗಳು ನೆನಪಿನಲ್ಲಿಟ್ಟಿರಬೇಕೆಂದು ಕೋರುತ್ತೇವೆ. ಮುಂದೆ ಅದರಿಂದ ನಮಗೆ ಪ್ರಯೋಜನವುಂಟು.

1873ರಲ್ಲಿ ಅಮೆರಿಕದ ವ್ಯಾಪಾರಕ್ಕೆ ದೊಡ್ಡ ಕುಸಿತ ಬಂದಿತು. ಬ್ಯಾಂಕುಗಳು ಮುಚ್ಚಿದವು. ಕೋಕಿನ ಬೆಲೆ ಟನ್ನಿಗೆ ಒಂದು ಡಾಲರಿಗೂ ಕೆಳಗಿಳಿಯಿತು. ಎಲ್ಲರೂ ಗಣಿಗಳನ್ನೂ ಗೂಡುಗಳನ್ನೂ ಸಿಕ್ಕಿದ ಬೆಲೆಗೆ ಮಾರಿ ಕೈತೊಳೆದುಕೊಳ್ಳುತ್ತಿದ್ದಾಗ ಫ್ರಿಕ್ಕನು ಕೊಳ್ಳುತ್ತ ಹೋದನು. ದಶಕದ ಕೊನೆಗೆ ಬೆಲೆ ಹಲವು ಪಟ್ಟು ಏರಿತು. 1879ರಲ್ಲಿ, ಮೂವತ್ತು ತುಂಬುವ ಹೊತ್ತಿಗೆ, ಅವನ ಸಂಕಲ್ಪ ನೆರವೇರಿತು. ಇತರರು ಹೆದರಿ ಮಾರುವಾಗ ತಾನು ಶಾಂತನಾಗಿ ಕೊಳ್ಳುವುದು, ಕೊಂಡದ್ದನ್ನು ಬಿಡದೆ ಹಿಡಿಯುವುದು: ಇದು ಫ್ರಿಕ್ಕನ ಸ್ವಭಾವ. ಗಣಿಯ ವಿಷಯದಲ್ಲಿ ಹೇಗೋ ಚಿತ್ರದ ವಿಷಯದಲ್ಲಿಯೂ ಹಾಗೆಯೇ ಅದು ಕೆಲಸ ಮಾಡಿತೆಂಬುದನ್ನು ಮುಂದೆ ಕಾಣುವೆವು.

ಮರುವರ್ಷ ಥಾಮಸ್ ಮೆಲನ್ನನ ಮಗನಾದ ಆಂಡ್ರೂ ಮೆಲನ್ ಮೊದಲಾದವರೊಡನೆ ಯೂರೋಪಿನ ಪ್ರವಾಸಕ್ಕೆ ಹೊರಟನು. ಲಂಡನ್ನಿನಲ್ಲಿ ಹರ್ಟ್‌ಫರ್ಡ್ ಹೌಸ್ ಎಂಬ ಮನೆಯಲ್ಲಿದ್ದ ಚಿತ್ರಸಂಗ್ರಹವನ್ನು ಅವನು ನೋಡಿದನೆಂದೂ, ಮನೆಯೊಂದು ಮನೆಯಾಗಿದ್ದುಕೊಂಡೇ ಚಿತ್ರಶಾಲೆಯೂ ಆಗಿರಬಹುದೆಂಬ ಭಾವನೆ ಅಲ್ಲಿಂದ ಅವನಲ್ಲಿ ಬೇರೂರಿತೆಂದೂ ಹೇಳುತ್ತಾರೆ. 1881ರಲ್ಲಿ ಚಿತ್ರಗಳನ್ನು ಕೊಳ್ಳಲಾರಂಭಿಸಿದನು. ಅದೇ ವರ್ಷದ ಕೊನೆಯಲ್ಲಿ ಅಡಿಲೇಡ್ ಚೈಲ್ಡ್ಸ್ ಎಂಬ ಕನ್ಯೆಯನ್ನು ವಿವಾಹವಾದನು. ನವದಂಪತಿಗಳು ನ್ಯೂಯಾರ್ಕಿಗೆ ಹೋಗಿದ್ದಾಗ ಉಕ್ಕಿನ ಚಕ್ರವರ್ತಿಯೆಂದು ಹೆಸರಾದ ಆಂಡ್ರೂ ಕಾರ್ನೆಗಿಯ ಭೇಟಿಯಾಯಿತು. ಕಾರ್ನೆಗಿಗೆ ಕೋಕು ಬೇಕು, ಫ್ರಿಕ್ಕನಿಗೆ ಬಂಡವಾಳ ಬೇಕು. ಇಬ್ಬರೂ ಪಾಲುಗಾರರಾದರು. 1889ರಲ್ಲಿ ಫ್ರಿಕ್ಕನು ಕಾರ್ನೆಗಿಯ ಉಕ್ಕಿನ ಸಂಸ್ಥೆಗೆ ಅಧ್ಯಕ್ಷನಾದನು. ಗಣಿ, ಗೂಡು, ರೈಲು, ಕುಲುಮೆ, ಉಕ್ಕಿನ ತೊಲೆ ಇವೆಲ್ಲವೂ ಒಂದೇ ಆಡಳಿತದ ಕೆಳಗೆ ಗಡಿಯಾರದ ಹಲ್ಲುಚಕ್ರಗಳಂತೆ ಹೊಂದಿ ನಡೆಯುವಂತೆ ಮಾಡಿದ ಕೀರ್ತಿ ಬಹುಮಟ್ಟಿಗೆ ಅವನಿಗೆ ಸಲ್ಲತಕ್ಕದ್ದು.

ಅದೇ 1889ರ ಮೇ 31ರಂದು ಒಂದು ಅನಾಹುತ ನಡೆಯಿತು. ಪಿಟ್ಸ್‌ಬರ್ಗಿನ ಧನಿಕರು ಬೇಸಗೆಯ ವಿನೋದಕ್ಕಾಗಿ ಬೆಟ್ಟಗಳ ನಡುವೆ ಒಂದು ಹಳೆಯ ಕೆರೆಯನ್ನು ಕೊಂಡು ಕ್ಲಬ್ಬು ಮಾಡಿಕೊಂಡಿದ್ದರು. ಅದರ ಆರಂಭದ ಸದಸ್ಯರಲ್ಲಿ ಫ್ರಿಕ್ಕನೂ ಒಬ್ಬ. ಕೆರೆಯ ಏರಿಯ ಎತ್ತರವನ್ನು ತಗ್ಗಿಸಿದ್ದರು. ಮೀನು ಹೊರಗೆ ಹೋಗದಿರಲೆಂದು ಕೋಡಿಗೆ ಜಾಲರಿ ಹಾಕಿದ್ದರು. ಭಾರಿ ಮಳೆ ಬಂದು ಏರಿ ಒಡೆಯಿತು. ಕೆಳಗಿದ್ದ ಜಾನ್ಸ್‌ಟೌನ್ ಪಟ್ಟಣದಲ್ಲಿಯೂ ಕಣಿವೆಯಲ್ಲಿಯೂ 2,209 ಮಂದಿ ಸತ್ತರು. ಕ್ಲಬ್ಬಿನ ಧನಿಕರು ಪರಿಹಾರನಿಧಿಗೆ ಹಣ ಕೊಟ್ಟರು. ಆದರೆ ನ್ಯಾಯಾಲಯದಲ್ಲಿ ಅವರ ಮೇಲೆ ಹೊಣೆ ನಿಲ್ಲಲಿಲ್ಲ.

ಫ್ರಿಕ್ಕನ ಹೆಸರಿಗೆ ಶಾಶ್ವತವಾಗಿ ಅಂಟಿಕೊಂಡ ಸಂಗತಿಯೆಂದರೆ ಹೋಮ್‌ಸ್ಟೆಡ್ಡಿನ ಮುಷ್ಕರ. ಪಿಟ್ಸ್‌ಬರ್ಗಿನ ಬಳಿ ಮೊನೊಂಗಹೀಲಾ ನದಿಯ ದಡದಲ್ಲಿದ್ದ ಈ ಕಾರ್ಖಾನೆಯಲ್ಲಿ ಸುಮಾರು 3,800 ಮಂದಿ ದುಡಿಯುತ್ತಿದ್ದರು. ದಿನಕ್ಕೆ ಹನ್ನೆರಡು ಗಂಟೆಗಳ ದುಡಿಮೆ ಅಲ್ಲಿ ಸಾಮಾನ್ಯವಾಗಿತ್ತು. ನುರಿತ ಕೆಲಸಗಾರರು ಒಂದು ಸಂಘವನ್ನು ಕಟ್ಟಿಕೊಂಡು ಕೂಲಿಯ ದರವನ್ನು ಸಂಸ್ಥೆಯೊಡನೆ ಕರಾರಿನಿಂದ ಗೊತ್ತುಮಾಡಿಕೊಂಡಿದ್ದರು. ಉಕ್ಕಿನ ಮಾರುಕಟ್ಟೆಯ ಬೆಲೆ ಏರಿದರೆ ಕೂಲಿ ಏರುವುದು, ಇಳಿದರೆ ಇಳಿಯುವುದು, ಆದರೆ ಒಂದು ಗೊತ್ತಾದ ಮಿತಿಗಿಂತ ಕೆಳಗೆ ಇಳಿಯತಕ್ಕದ್ದಲ್ಲ ಎಂಬುದು ಕರಾರು. ಅದರ ಅವಧಿ 1892ನೆಯ ಜೂನ್ ಅಂತ್ಯಕ್ಕೆ ಮುಗಿಯುವುದರಲ್ಲಿತ್ತು. ಆ ಮಿತಿಯನ್ನು ತಗ್ಗಿಸಬೇಕೆಂದು ಸಂಸ್ಥೆ ಹೇಳಿತು. ಸಂಘ ಒಪ್ಪಲಿಲ್ಲ. ಹೊರನೋಟಕ್ಕೆ ಜಗಳ ಒಂದೆರಡು ಡಾಲರಿನದು. ಒಳಗೆ ಇದ್ದ ಪ್ರಶ್ನೆಯೇ ಬೇರೆ: ಕೂಲಿಗಾರರು ಸಂಘವಾಗಿ ಮಾತನಾಡಬಹುದೆ, ಒಬ್ಬೊಬ್ಬನಾಗಿಯೇ ಬಂದು ಕೈಮುಗಿಯಬೇಕೆ? ಕಾರ್ನೆಗಿಯು 1886ರಲ್ಲಿ ಕೂಲಿಗಾರರ ಸಂಘದ ಹಕ್ಕನ್ನು ಹೊಗಳಿ ಲೇಖನ ಬರೆದವನು. ಈ ಸಮಯಕ್ಕೆ ಸರಿಯಾಗಿ ಅವನು ಸ್ಕಾಟ್ಲೆಂಡಿನಲ್ಲಿದ್ದು ಫ್ರಿಕ್ಕನಿಗೆ ಬೆಂಬಲದ ಪತ್ರಗಳನ್ನು ಬರೆಯುತ್ತಿದ್ದನು. ಕಹಿ ಕೆಲಸವನ್ನು ಮಾಡುವ ಕೈ ಫ್ರಿಕ್ಕನದಾಯಿತು.

ಅವನು ಕಾರ್ಖಾನೆಯ ಸುತ್ತ ಎತ್ತರವಾದ ಬೇಲಿ ಹಾಕಿಸಿ, ಅದರ ಮೇಲೆ ಮುಳ್ಳುತಂತಿ ಬಿಗಿಸಿ, ಬಾಗಿಲು ಮುಚ್ಚಿಸಿದನು. ಜನರು ಅದನ್ನು ಫ್ರಿಕ್ಕನ ಕೋಟೆಯೆಂದು ಕರೆದರು. ಪಿಂಕರ್ಟನ್ ಎಂಬ ಖಾಸಗಿ ಕಾವಲು ಸಂಸ್ಥೆಯಿಂದ ಮುನ್ನೂರು ಮಂದಿ ಆಳುಗಳನ್ನು ಗೊತ್ತುಮಾಡಿದನು. ಜುಲೈ 6ನೆಯ ತಾರೀಖು ಬೆಳಗಿನ ಜಾವ ಅವರು ಎರಡು ದೊಡ್ಡ ದೋಣಿಗಳಲ್ಲಿ ನದಿಯ ಮೇಲೆ ಬಂದಾಗ ಊರೇ ದಡಕ್ಕೆ ಓಡಿ ಬಂದಿತ್ತು. ಮೊದಲ ಗುಂಡು ಯಾರದೆಂಬುದು ಇತ್ಯರ್ಥವಾಗಲಿಲ್ಲ. ಹಗಲೆಲ್ಲ ಕಾದಾಟ ನಡೆಯಿತು. ಎರಡೂ ಕಡೆಗಳಲ್ಲಿ ಕೂಡಿ ಹತ್ತು ಮಂದಿಗೆ ಕಡಿಮೆಯಿಲ್ಲದಷ್ಟು ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಕೂಲಿಗಾರರು. ಸಾಯಂಕಾಲದ ಹೊತ್ತಿಗೆ ಕಾವಲಿನ ಆಳುಗಳು ಶರಣಾದರು. ಶರಣಾದವರನ್ನು ಜನರು ಸಾಲಾಗಿ ನಿಂತು ಬಡಿದರೆಂಬುದನ್ನೂ ಹೇಳಬೇಕು. ಆ ದಿನ ನದಿಯ ದಡದಲ್ಲಿ ಕರುಣೆ ಯಾರಲ್ಲಿಯೂ ಉಳಿದಿರಲಿಲ್ಲ. ಕೆಲವು ದಿನಗಳಲ್ಲಿ ಸಂಸ್ಥಾನದ ಗವರ್ನರು ಸುಮಾರು 8,500 ಮಂದಿ ಸೈನಿಕರನ್ನು ಕಳುಹಿಸಿದನು. ಅವರ ರಕ್ಷಣೆಯಲ್ಲಿ ಹೊಸ ಕೆಲಸಗಾರರು ಒಳಹೊಕ್ಕರು.

ಜುಲೈ 23ರಂದು ಅಲೆಗ್ಸಾಂಡರ್ ಬರ್ಕ್‌ಮನ್ ಎಂಬ ಅರಾಜಕತಾವಾದಿಯು ಫ್ರಿಕ್ಕನ ಕಚೇರಿಗೆ ನುಗ್ಗಿ ಅವನ ಮೇಲೆ ಗುಂಡು ಹಾರಿಸಿದನು, ಚೂಪಾದ ಆಯುಧದಿಂದ ಇರಿದನು. ಇವನು ಕಾರ್ಖಾನೆಯ ಕೂಲಿಗಾರನಲ್ಲ. ನ್ಯೂಯಾರ್ಕಿನಿಂದ ತಾನಾಗಿಯೇ ಬಂದವನು. ಫ್ರಿಕ್ಕನು ಗಾಯಗಳಿಗೆ ಪಟ್ಟಿ ಕಟ್ಟಿಸಿಕೊಂಡು ಆ ದಿನದ ಕಾಗದಪತ್ರಗಳನ್ನು ಮುಗಿಸಿಯೇ ಮನೆಗೆ ಹೊರಟನು. ಮನೆಯಲ್ಲಿದ್ದುದು ಬೇರೊಂದು ದುಃಖ. ಹಿಂದಿನ ವರ್ಷವಷ್ಟೇ ಆರು ತುಂಬದ ಮಗಳು ಮಾರ್ಥಾ ತೀರಿಕೊಂಡಿದ್ದಳು. ನುಂಗಿದ ಗುಂಡುಸೂಜಿಯೊಂದು ದೇಹದಲ್ಲಿ ಕೀವುಗಟ್ಟಿಸಿ ಅವಳನ್ನು ಬಹುಕಾಲ ನರಳಿಸಿತ್ತು. ಆ ಜುಲೈಯಲ್ಲಿ ಹುಟ್ಟಿದ ಗಂಡುಮಗುವೂ ಆಗಸ್ಟಿನ ಆರಂಭದಲ್ಲಿ ಹೋಯಿತು. ಹಲ್ಲೆಯಾದ ಎರಡು ವಾರಗಳೊಳಗೆ ತಂದೆ ಮತ್ತೆ ಕಚೇರಿಯಲ್ಲಿದ್ದನು. ತನ್ನ ಚೆಕ್ಕುಗಳ ಮೇಲೆ ಮಾರ್ಥಾಳ ಮುಖವನ್ನು ಅಚ್ಚು ಹಾಕಿಸಿಕೊಂಡಿದ್ದನು. ಈತನಿಗೆ ಹೃದಯವಿರಲಿಲ್ಲವೆಂದು ಹೇಳುವವರು ಆ ಚೆಕ್ಕುಗಳನ್ನು ನೆನೆಯಬೇಕು.

ನವೆಂಬರಿನಲ್ಲಿ ಮುಷ್ಕರ ಸೋತಿತು. ಸಂಘ ಮುರಿಯಿತು. ಅಮೆರಿಕದ ಉಕ್ಕಿನ ಉದ್ಯಮದಲ್ಲಿ ಹನ್ನೆರಡು ಗಂಟೆಯ ದಿನ 1923ರವರೆಗೂ ಉಳಿಯಿತು. ಈ ಕಾರ್ಖಾನೆಗಳ ಒಡೆತನ ಪಡೆದ ದೊಡ್ಡ ಸಂಸ್ಥೆ ಕೂಲಿಗಾರರ ಸಂಘವನ್ನು ಒಪ್ಪಿಕೊಂಡದ್ದು 1937ರಲ್ಲಿ. ಆ ಒಂದು ಬೇಸಗೆಯ ಗೆಲುವಿನ ಫಲವನ್ನು ಹೋಮ್‌ಸ್ಟೆಡ್ಡಿನ ಮನೆಗಳು ಒಂದು ತಲೆಮಾರಿಗಿಂತ ಹೆಚ್ಚು ಕಾಲ ಉಂಡವು.

ಗೆದ್ದ ಪಾಲುಗಾರರ ಸ್ನೇಹವೂ ನಿಲ್ಲಲಿಲ್ಲ. ಕೋಕಿನ ಬೆಲೆಯ ವಿಷಯದಲ್ಲಿ ಕಾರ್ನೆಗಿಗೂ ಫ್ರಿಕ್ಕನಿಗೂ ವಿರಸ ಬೆಳೆದು, 1899ರ ಕೊನೆಯಲ್ಲಿ ಫ್ರಿಕ್ಕನು ಅಧ್ಯಕ್ಷತೆಯನ್ನು ಬಿಟ್ಟನು. ಅವನ ಪಾಲನ್ನು ಲೆಕ್ಕದ ಪುಸ್ತಕದಲ್ಲಿದ್ದ ಕಡಿಮೆ ಬೆಲೆಗೆ ತೆಗೆದುಕೊಳ್ಳಲು ಕಾರ್ನೆಗಿ ಹವಣಿಸಿದಾಗ ನ್ಯಾಯಾಲಯಕ್ಕೆ ಹೋದನು. 1900ರ ಮಾರ್ಚಿಯಲ್ಲಿ ರಾಜಿಯಾಯಿತು. 1901ರಲ್ಲಿ ಜೆ. ಪಿ. ಮಾರ್ಗನ್ ಎಂಬ ಬ್ಯಾಂಕರನು ಕಾರ್ನೆಗಿಯ ಉದ್ಯಮವನ್ನು 48 ಕೋಟಿ ಡಾಲರಿಗೆ ಕೊಂಡು ಯುನೈಟೆಡ್ ಸ್ಟೇಟ್ಸ್ ಸ್ಟೀಲ್ ಎಂಬ ಸಂಸ್ಥೆಯನ್ನು ಕಟ್ಟಿದನು. ಫ್ರಿಕ್ಕನು ಅದರ ನಿರ್ದೇಶಕರಲ್ಲೊಬ್ಬನಾದನು. ಮುದಿತನದಲ್ಲಿ ಕಾರ್ನೆಗಿಯು ರಾಜಿಗಾಗಿ ಹೇಳಿಕಳುಹಿಸಿದಾಗ, ನಾವಿಬ್ಬರೂ ಹೋಗಲಿರುವುದು ನರಕಕ್ಕೇ, ಅಲ್ಲಿಯೇ ಭೇಟಿಯಾಗೋಣವೆಂದು ಫ್ರಿಕ್ಕನು ಉತ್ತರ ಕೊಟ್ಟನೆಂಬ ಕಥೆಯುಂಟು. ಕಥೆ ನಿಜವೋ ಅಲ್ಲವೋ, ಅದು ಇಬ್ಬರಿಗೂ ಒಪ್ಪುತ್ತದೆ.

ಇನ್ನು ಚಿತ್ರಗಳ ಮಾತು. ಫ್ರಿಕ್ಕನು ಮೊದಮೊದಲು ಕೊಂಡದ್ದು ತನ್ನ ಕಾಲದ ಫ್ರೆಂಚ್ ಚಿತ್ರಕಾರರ ಸೌಮ್ಯವಾದ ನಿಸರ್ಗಚಿತ್ರಗಳನ್ನೂ ಗೃಹದೃಶ್ಯಗಳನ್ನೂ. ಸುಮಾರು 1899ರಿಂದ ಅವನ ದೃಷ್ಟಿ ಹಳೆಯ ಮಹಾಚಿತ್ರಕಾರರ ಕಡೆಗೆ ತಿರುಗಿತು. ಅವನು ಕೊಳ್ಳುವ ರೀತಿಯೇ ನಿಧಾನದ್ದು. ಚಿತ್ರವನ್ನು ಮನೆಗೆ ತರಿಸಿ ಗೋಡೆಗೆ ತೂಗಿಸಿ ಅದರೊಡನೆ ಕೆಲವು ಕಾಲ ಬಾಳಿ ನೋಡುವನು. ಮನಸ್ಸಿಗೆ ಹಿಡಿಸದಿದ್ದರೆ ವ್ಯಾಪಾರಿಗೆ ಹಿಂದಿರುಗಿಸುವನು. ಹಿಂದೆ ಕೊಂಡದ್ದನ್ನು ಕೊಟ್ಟು ಅದಕ್ಕಿಂತ ಮೇಲಾದುದನ್ನು ಪಡೆಯುವನು. ಹಳೆಯ ಗೂಡುಗಳನ್ನು ತೆಗೆದು ಹೊಸದನ್ನು ಕಟ್ಟುವ ಉದ್ಯಮಿಯ ಪದ್ಧತಿಯೇ ಇದು. 1913ರಲ್ಲಿ ಮಾರ್ಗನ್ನನು ತೀರಿಕೊಂಡು ಅವನ ಸಂಗ್ರಹ ಮಾರಾಟಕ್ಕೆ ಬಂದಾಗ, 1873ರಲ್ಲಿ ಗಣಿಗಳನ್ನು ಕೊಂಡಂತೆಯೇ ಶಾಂತನಾಗಿ ನಿಂತು ಅದರ ಒಳ್ಳೊಳ್ಳೆಯ ವಸ್ತುಗಳನ್ನು ಆರಿಸಿಕೊಂಡನು.

ಅವನು ಕೂಡಿಸಿದ್ದೇನು? ಡಚ್ ಚಿತ್ರಕಾರನಾದ ವರ್ಮೀರನ ಕೃತಿಗಳು ಪ್ರಪಂಚದಲ್ಲಿ ಉಳಿದಿರುವುದೇ ಮೂವತ್ತೈದರ ಆಸುಪಾಸು. ಅವುಗಳಲ್ಲಿ ಮೂರು ಫ್ರಿಕ್ಕನ ಮನೆಯಲ್ಲಿವೆ. ರೆಂಬ್ರಾಂಟನು 1658ರಲ್ಲಿ ಬರೆದುಕೊಂಡ ತನ್ನದೇ ಚಿತ್ರವನ್ನು 1906ರಲ್ಲಿ ಕೊಂಡನು. ಅದನ್ನು ಬರೆಯುವುದಕ್ಕೆ ಎರಡು ವರ್ಷ ಮುಂಚೆ ರೆಂಬ್ರಾಂಟನು ದಿವಾಳಿಯಾಗಿದ್ದನು. ಆದರೂ ಚಿತ್ರದಲ್ಲಿ ಸಿಂಹಾಸನದ ಮೇಲೆ ಕುಳಿತ ಅರಸನಂತಿದ್ದಾನೆ. ಮನೆಯ ಮುಖ್ಯ ಹಜಾರದಲ್ಲಿ ಅಗ್ಗಿಷ್ಟಿಕೆಯ ಎರಡು ಪಕ್ಕಗಳಲ್ಲಿ ಹೊಲ್ಬೈನನು ಬರೆದ ಇಬ್ಬರು ಇಂಗ್ಲಿಷ್ ಮಂತ್ರಿಗಳ ಚಿತ್ರಗಳಿವೆ. ಒಬ್ಬನು ಅಂತಃಸಾಕ್ಷಿಗಾಗಿ 1535ರಲ್ಲಿ ತಲೆಯೊಪ್ಪಿಸಿದ ಥಾಮಸ್ ಮೋರ್. ಇನ್ನೊಬ್ಬನು ಆ ಮರಣಕ್ಕೆ ದಾರಿಮಾಡಿದ, ಐದು ವರ್ಷಗಳ ಮೇಲೆ ತಾನೂ ಅದೇ ಗತಿಗೆ ಸಿಕ್ಕಿದ ಥಾಮಸ್ ಕ್ರಾಮ್‌ವೆಲ್. ಎದುರಿನ ಗೋಡೆಯ ಮೇಲೆ ವೆನಿಸ್ಸಿನ ಬೆಲ್ಲಿನಿಯು ಬರೆದ ಸಂತ ಫ್ರಾನ್ಸಿಸ್ಸನ ಚಿತ್ರ. ತಂದೆಯ ಐಶ್ವರ್ಯವನ್ನೆಲ್ಲ ತೊರೆದು ಬಡತನವನ್ನೇ ವರಿಸಿದ ಸಂತನು ಬರಿಗಾಲಲ್ಲಿ, ಬಂಡೆಗಳ ನಡುವೆ, ಬೆಳಗಿನ ಬೆಳಕಿಗೆ ಮೈಯೊಡ್ಡಿ ನಿಂತಿದ್ದಾನೆ. ಅಂಥ ಚಿತ್ರ ಅಂಥ ಮನೆಯಲ್ಲಿ!

ಇವುಗಳಿಗಾಗಿಯೇ ಅವನು 1913ರಿಂದ 1914ರವರೆಗೆ ಥಾಮಸ್ ಹೇಸ್ಟಿಂಗ್ಸ್ ಎಂಬ ವಾಸ್ತುಶಿಲ್ಪಿಯಿಂದ ನ್ಯೂಯಾರ್ಕಿನ ಮನೆಯನ್ನು ಕಟ್ಟಿಸಿದನು. ಅದೇ ಬೀದಿಯಲ್ಲಿ ಸುಮಾರು ಒಂದು ಮೈಲಿಯಾಚೆಗೆ ಕಾರ್ನೆಗಿಯ ಮನೆಯಿತ್ತು. ತನ್ನ ಮನೆಯ ಮುಂದೆ ಅದು ಗಣಿಗಾರನ ಗುಡಿಸಿಲಿನಂತೆ ಕಾಣಬೇಕೆಂದು ಫ್ರಿಕ್ಕನು ಆಡಿದನೆಂಬ ಮಾತೂ ಪ್ರಚಾರದಲ್ಲಿದೆ. ಹಗೆತನಕ್ಕೂ ಕಲಾಪ್ರೇಮಕ್ಕೂ ಒಂದೇ ಅಡಿಪಾಯ ಸಾಕಾಯಿತೆನ್ನಬೇಕು.

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಹೋಮ್‌ಸ್ಟೆಡ್ಡಿನ ಪಾಪವನ್ನು ತೊಳೆದುಕೊಳ್ಳಲೆಂದು ಫ್ರಿಕ್ಕನು ಚಿತ್ರಗಳ ಕಡೆಗೆ ತಿರುಗಿದನೆಂದು ಅನೇಕರು ಹೇಳುವುದುಂಟು. ಈ ವಿವರಣೆ ಕೇಳಲು ಹಿತವಾಗಿದೆ. ಮೊದಲು ಕ್ರೌರ್ಯ, ಆಮೇಲೆ ಪಶ್ಚಾತ್ತಾಪ, ಕೊನೆಗೆ ಕಲೆಯಿಂದ ಶುದ್ಧಿ ಎಂಬ ಕ್ರಮ ಪುರಾಣಕಥೆಯಂತೆ ಒಪ್ಪವಾಗಿದೆ. ಆದರೆ ಕಾಲಕ್ರಮ ಇದಕ್ಕೆ ಒಪ್ಪುವುದಿಲ್ಲ. ಸಾಹುಕಾರನ ದೂತನು ಆ ಯುವಕನ ಚಿತ್ರಗಳ ಹುಚ್ಚನ್ನು ಗುರುತಿಸಿದ್ದು ಹೋಮ್‌ಸ್ಟೆಡ್ಡಿಗೆ ಹತ್ತಿರ ಹತ್ತಿರ ಇಪ್ಪತ್ತು ವರ್ಷ ಮೊದಲು. ಚಿತ್ರಗಳನ್ನು ಕೊಳ್ಳಲಾರಂಭಿಸಿದ್ದು ಹನ್ನೊಂದು ವರ್ಷ ಮೊದಲು. ಬೇಲಿ ಹಾಕಿಸಿದ ಬೇಸಗೆಯಲ್ಲಿ ಅವನ ಮನೆಯ ಗೋಡೆಗಳ ಮೇಲೆ ಚಿತ್ರಗಳಿದ್ದವು. ಪ್ರತಿದಿನ ಅವುಗಳನ್ನು ನೋಡಿಯೇ ಅವನು ಕಚೇರಿಗೆ ಹೋಗುತ್ತಿದ್ದನು. ಕಲೆಯ ಪ್ರೇಮ ಆಗಲೂ ಇತ್ತು. ಅದು ಕೈ ಹಿಡಿದು ತಡೆಯಲಿಲ್ಲ.

ಹಾಗಾದರೆ ಆ ಪ್ರೇಮ ಸುಳ್ಳೆ? ಸುಳ್ಳೆನ್ನಲು ನಮಗೆ ಬಾಯಿ ಬಾರದು. ಕೇವಲ ಪ್ರತಿಷ್ಠೆಗಾಗಿ ಕೊಳ್ಳುವವನು ಚಿತ್ರದೊಡನೆ ಬಾಳಿ ನೋಡಿ ಹಿಂದಿರುಗಿಸುವ ಶ್ರಮವನ್ನು ಪಡುವುದಿಲ್ಲ. ಗೋಯಾನ ಕಮ್ಮಾರರಲ್ಲಿ ಶ್ರೀಮಂತರ ಹಜಾರಕ್ಕೆ ಹೊಂದುವ ನಯವಿಲ್ಲ. ಅವರ ಬೆನ್ನಿನ ಬಲವನ್ನೂ ದಣಿವನ್ನೂ ಮೆಚ್ಚಬಲ್ಲ ಕಣ್ಣು ಮಾತ್ರ ಅವರನ್ನು ಮನೆಗೆ ಕರೆತರುತ್ತದೆ. ಫ್ರಿಕ್ಕನಿಗೆ ಅಂಥ ಕಣ್ಣಿತ್ತು. ಆದರೆ ಚಿತ್ರದೊಳಗಿನ ಕಮ್ಮಾರನು ಕೂಲಿ ಕೇಳುವುದಿಲ್ಲ, ಸಂಘ ಕಟ್ಟುವುದಿಲ್ಲ, ಎದುರುತ್ತರ ಕೊಡುವುದಿಲ್ಲ. ಅವನನ್ನು ಮೆಚ್ಚುವುದಕ್ಕೆ ನಾವು ಏನನ್ನೂ ಬಿಟ್ಟುಕೊಡಬೇಕಾಗಿಲ್ಲ. ಕುಲುಮೆಯ ಮುಂದೆ ನಿಂತ ಜೀವಂತ ಕಮ್ಮಾರನನ್ನು ಕಾಣಬೇಕಾದರೆ ಏನನ್ನಾದರೂ ಬಿಟ್ಟುಕೊಡಬೇಕಾಗುತ್ತದೆ. ಕಲೆ ನಮ್ಮ ಕಣ್ಣನ್ನು ತೆರೆಯುವುದು ನಿಜ. ತೆರೆದ ಕಣ್ಣನ್ನು ಯಾವ ಕಡೆಗೆ ತಿರುಗಿಸಬೇಕೆಂಬುದನ್ನು ಅದು ನಮಗಾಗಿ ನಿರ್ಧರಿಸಲಾರದು. ಕಾವ್ಯಪಾಠ ಹೇಳುವ ನಾವು ಈ ಮಾತನ್ನು ಒಪ್ಪಿಕೊಳ್ಳುವುದು ಕಷ್ಟವಾದರೂ ಫ್ರಿಕ್ಕನ ಬಾಳು ನಮ್ಮಿಂದ ಅದನ್ನು ಒಪ್ಪಿಸುತ್ತದೆ.

1919ರ ಆಗಸ್ಟಿನಲ್ಲಿ ಕಾರ್ನೆಗಿಯೂ ಡಿಸೆಂಬರ್ 2ರಂದು ಫ್ರಿಕ್ಕನೂ ತೀರಿಕೊಂಡರು. ಫ್ರಿಕ್ಕನ ಉಯಿಲನ್ನು ತೆರೆದಾಗ, ಮನೆಯನ್ನೂ ಅದರೊಳಗಿನ ಕಲಾವಸ್ತುಗಳನ್ನೂ ಸಾರ್ವಜನಿಕರ ಉಪಯೋಗಕ್ಕೆ ಬಿಟ್ಟು, ಅವುಗಳ ಪೋಷಣೆಗೆ ಒಂದೂವರೆ ಕೋಟಿ ಡಾಲರಿನ ನಿಧಿಯನ್ನೂ ಇಟ್ಟಿದ್ದನೆಂಬುದು ತಿಳಿಯಿತು. ಪಿಟ್ಸ್‌ಬರ್ಗಿನ ಜನರಿಗೆ 151 ಎಕರೆ ಭೂಮಿಯನ್ನು ಉದ್ಯಾನಕ್ಕಾಗಿ ಕೊಟ್ಟಿದ್ದನು. ಮಗಳಾದ ಹೆಲೆನ್ 1920ರಲ್ಲಿ ಕಲಾವ್ಯಾಸಂಗಕ್ಕಾಗಿ ಒಂದು ಗ್ರಂಥಾಲಯವನ್ನು ಸ್ಥಾಪಿಸಿದಳು. ಪತ್ನಿ 1931ರಲ್ಲಿ ತೀರಿಕೊಂಡ ಮೇಲೆ ಮನೆಯನ್ನು ಹೊಂದಿಸಿ, 1935ರ ಡಿಸೆಂಬರಿನಲ್ಲಿ ಜನರಿಗೆ ತೆರೆದರು. ಇತ್ತೀಚೆಗೆ ಹಲವು ವರ್ಷಗಳ ಜೀರ್ಣೋದ್ಧಾರವಾಗಿ 2025ರ ಏಪ್ರಿಲ್‌ನಲ್ಲಿ ಮತ್ತೆ ಬಾಗಿಲು ತೆರೆಯಿತು. ಕುಟುಂಬದವರು ವಾಸವಾಗಿದ್ದ ಮಹಡಿಯ ಕೊಠಡಿಗಳನ್ನು ಸಾರ್ವಜನಿಕರು ಕಂಡದ್ದು ಆಗಲೇ ಮೊದಲು.

ಈ ದಾನವನ್ನು ನಾವು ಹೇಗೆ ಸ್ವೀಕರಿಸಬೇಕು? ದಾನ ದೊಡ್ಡದಾದುದರಿಂದ ಹಿಂದಿನದು ಮರೆತುಹೋಗಲಿ ಎನ್ನುವವರುಂಟು. ಹಣದ ಮೂಲ ಕೆಟ್ಟದ್ದಾದುದರಿಂದ ಚಿತ್ರಗಳನ್ನೂ ನೋಡಬಾರದೆನ್ನುವವರುಂಟು. ಇಬ್ಬರದೂ ಲೆಕ್ಕದ ತಪ್ಪೆಂದು ನಮ್ಮ ಅಭಿಪ್ರಾಯ. ಗುಮಾಸ್ತನಾಗಿ ಬಾಳನ್ನು ಆರಂಭಿಸಿದ ಫ್ರಿಕ್ಕನಿಗೇ ಗೊತ್ತಿದ್ದಂತೆ, ಜಮೆಯ ಕಡೆಗೆ ಬರೆದದ್ದರಿಂದ ಖರ್ಚಿನ ಕಡೆಯ ಬರಹ ಅಳಿಸಿಹೋಗುವುದಿಲ್ಲ. ಎರಡೂ ಪುಟದ ಮೇಲೆ ಉಳಿಯತಕ್ಕವು. ರೆಂಬ್ರಾಂಟನಿಗೂ ಬೆಲ್ಲಿನಿಗೂ ಹೋಮ್‌ಸ್ಟೆಡ್ಡಿನ ಗೊಡವೆಯಿಲ್ಲ. ಅವರನ್ನು ನೋಡದೆ ಬಿಟ್ಟರೆ ಸತ್ತವರಿಗೆ ನ್ಯಾಯ ದೊರೆತಂತಾಗದು. ಆದರೆ ಅವರನ್ನು ನೋಡಿದ ಸಂತೋಷದಲ್ಲಿ ಸತ್ತವರನ್ನು ಮರೆತರೆ ನಾವೂ ಆ ಮನೆಯ ಒಡೆಯನಂತೆಯೇ ಆದೆವು.

ಹೋಮ್‌ಸ್ಟೆಡ್ಡಿನ ಕಾರ್ಖಾನೆ 1986ರಲ್ಲಿ ಮುಚ್ಚಿತು. ಕುಲುಮೆಗಳು ಹೋಗಿ, ಅಲ್ಲಿ ಅಂಗಡಿಮಾಳಿಗೆಗಳು ಎದ್ದಿವೆ. ನದಿಯ ದಡದಲ್ಲಿ, 1892ರ ಕಾದಾಟ ನಡೆದ ಸ್ಥಳದಲ್ಲಿ, ಕಾರ್ಖಾನೆಗೆ ನೀರೆತ್ತುತ್ತಿದ್ದ ಒಂದು ಹಳೆಯ ಕಟ್ಟಡವನ್ನು ಮಾತ್ರ ನೆನಪಿಗಾಗಿ ಉಳಿಸಿಕೊಂಡಿದ್ದಾರೆ. ಅದಕ್ಕೆ ಒಂದೂವರೆ ಕೋಟಿಯ ನಿಧಿಯಿಲ್ಲ. ಅಮೆರಿಕಕ್ಕೆ ಹೋಗುವ ನಮ್ಮವರು ಈಗ ಅನೇಕರಿದ್ದಾರೆ. ಅವರಲ್ಲಿ ಚಿತ್ರಕಲೆಯಲ್ಲಿ ಪ್ರೀತಿಯುಳ್ಳವರು ನ್ಯೂಯಾರ್ಕಿನ ಆ ಮನೆಯನ್ನು ತಪ್ಪದೆ ನೋಡಲಿ. ಗೋಯಾನ ಕಮ್ಮಾರರ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಲಿ. ಬಿಡುವಿದ್ದರೆ ಪಿಟ್ಸ್‌ಬರ್ಗಿನವರೆಗೂ ಹೋಗಿ, ನದಿಯ ದಡದ ಆ ಇಟ್ಟಿಗೆಯ ಕಟ್ಟಡವನ್ನೂ ಕಂಡು ಬರಲಿ. ಫ್ರಿಕ್ಕನ ಚಿತ್ರಶಾಲೆಯನ್ನು ಪೂರ್ತಿಯಾಗಿ ನೋಡಿದಂತಾಗುವುದು ಆಗಲೇ ಎಂದು ಹೇಳಿ ನಮ್ಮ ಮಾತನ್ನು ಮುಗಿಸುತ್ತೇವೆ.